ಲೋಹ ಎಲ್ಲಿ ಮುಗಿಯುತ್ತೆ, ಸೆರಾಮಿಕ್ ಎಲ್ಲಿ ಶುರುವಾಗುತ್ತೆ?

ನನ್ನ ಊರು ಐನಾಪುರ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕು. ನಮ್ಮ ಕಡೆ ಕೆಲಸ ಅಂದ್ರೆ ಒಂದು ಹೊಲ, ಇಲ್ಲಾಂದ್ರೆ ಸಿಮೆಂಟ್ ಫ್ಯಾಕ್ಟರಿ. ಸೇಡಂ, ಮಳಖೇಡ, ವಾಡಿ, ಚಿತ್ತಾಪುರ, ಈ ಕಡೆಯೆಲ್ಲ ನೆಲದ ಕೆಳಗೆ ಸುಣ್ಣದ ಕಲ್ಲು ಇದೆ. ಅದಕ್ಕೇ ಇಲ್ಲಿ ಇಷ್ಟೊಂದು ಸಿಮೆಂಟ್ ಫ್ಯಾಕ್ಟರಿಗಳು. ನಿಮ್ಮ ಮನೆಯ ಅಂಗಳಕ್ಕೆ ಹಾಸಿರೋ ಶಹಾಬಾದ್ ಕಲ್ಲು ಕೂಡ ಇದೇ ಸುಣ್ಣದ ಕಲ್ಲಿನ ಜಾತಿ.

ನನ್ನ ಸೋದರಮಾವ ಇಂಥ ಒಂದು ಫ್ಯಾಕ್ಟರಿಯಲ್ಲಿ ಗುತ್ತಿಗೆ ಮೇಲೆ ಇಟ್ಟಿಗೆ ಕಟ್ಟೋ ಕೆಲಸ ಮಾಡ್ತಾರೆ. ಮನೆ ಕಟ್ಟೋ ಇಟ್ಟಿಗೆ ಅಲ್ಲ, ಕಿಲ್ನ್ ಒಳಗೆ ಕೂರಿಸೋ ಬೆಂಕಿ ತಡೆಯೋ ಇಟ್ಟಿಗೆ. ದಸರಾ ರಜೆಗೆ ಊರಿಗೆ ಹೋದಾಗ ಅವರು ತುಂಬಾ ಸುಸ್ತಾಗಿದ್ದರು. ಆ ವಾರ ಕಿಲ್ನ್‌ನ ಹೊರಮೈ ಮೇಲೆ ಒಂದು ಕಡೆ ಕೆಂಪು ಕಾಣಿಸಿಕೊಂಡಿತ್ತಂತೆ. ಅಂದ್ರೆ ಒಳಗಿನ ಇಟ್ಟಿಗೆ ಬಿದ್ದುಹೋಗಿದೆ, ಬೆಂಕಿ ನೇರವಾಗಿ ಸ್ಟೀಲ್‌ಗೆ ತಾಗ್ತಿದೆ ಅಂತ ಅರ್ಥ. ಕಿಲ್ನ್ ನಿಲ್ಲಿಸಿ, ಪೂರ್ತಿ ತಣ್ಣಗಾಗೋ ಮುಂಚೆಯೇ ಇವರು ಒಳಗೆ ಹೋಗಿ ರಾತ್ರಿ ಹಗಲು ಹೊಸ ಇಟ್ಟಿಗೆ ಕೂರಿಸಿದ್ದರು.

ಊಟಕ್ಕೆ ಕೂತಾಗ ಮಾವ ಕೇಳಿದರು: "ನೀ ಇಂಜಿನಿಯರಿಂಗ್ ಓದ್ಲಕತ್ತಿ ಅಲಾ, ಒಂದ್ ಮಾತು ಹೇಳು. ಕಬ್ಬಿಣಕ್ಕ ಇಟ್ಟಂಗಿ ಬೆಸೆದೇ ಬಿಟ್ರ ಏನಾಗ್ತದ? ಬೀಳೋ ಮಾತೇ ಇರಂಗಿಲ್ಲಲಾ?"

ನಾನು ಗತ್ತಿನಿಂದ "ಥರ್ಮಲ್ ಎಕ್ಸ್‌ಪಾನ್ಷನ್ ಮಿಸ್‌ಮ್ಯಾಚ್ ಮಾವ" ಅಂದೆ. ಅವರು "ಕನ್ನಡದಾಗ ಹೇಳು" ಅಂದರು. ನನಗೆ ಬರಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವನು ನಾನು. ಮೆಟೀರಿಯಲ್ ಸೈನ್ಸ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ಬಂದಿತ್ತು, ಆದರೆ ನಮ್ಮ ಮಾವನಿಗೆ ಹೇಳೋಕೆ ಆಗಲಿಲ್ಲ. ಈ ಲೇಖನ ಆವತ್ತು ಕೊಡಬೇಕಾಗಿದ್ದ ಉತ್ತರ.

ಎರಡು ವಸ್ತು, ಎರಡು ಸ್ವಭಾವ

ಲೋಹದ ಸ್ವಭಾವ ನಮಗೆಲ್ಲ ಗೊತ್ತು. ಎಳೆದರೆ ಉದ್ದ ಆಗುತ್ತೆ, ಹೊಡೆದರೆ ತಗ್ಗುತ್ತೆ, ಆದರೆ ತಕ್ಷಣ ಮುರಿಯಲ್ಲ. ಸೆರಾಮಿಕ್ ಇದಕ್ಕೆ ಉಲ್ಟಾ. ಅಲ್ಯೂಮಿನಾ, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡ್ ಇವೆಲ್ಲ ಭಯಂಕರ ಗಟ್ಟಿ, ಸವೆಯಲ್ಲ, ಬೆಂಕಿಗೆ ಹೆದರಲ್ಲ. ಆದರೆ ಒಂದು ಸಣ್ಣ ಬಿರುಕು ಸಿಕ್ಕರೆ ಸಾಕು, ಚಹಾದ ಕಪ್ ತರಹ ಫಟ್ ಅಂತ ಒಡೆಯುತ್ತೆ.

ಕಿಲ್ನ್ ಒಳಗೆ ಇಬ್ಬರೂ ಬೇಕು. ಸುಣ್ಣದ ಕಲ್ಲು ಕ್ಲಿಂಕರ್ ಆಗೋಕೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬೇಕು. ಜ್ವಾಲೆ ಇನ್ನೂ ಬಿಸಿ, 2,000 ಡಿಗ್ರಿ ಹತ್ತಿರ. ಸ್ಟೀಲ್ 500-600 ಡಿಗ್ರಿಗೇ ಅರ್ಧ ಶಕ್ತಿ ಕಳೆದುಕೊಳ್ಳುತ್ತೆ. ಹಾಗಂತ ಇಡೀ ಕಿಲ್ನ್ ಇಟ್ಟಿಗೆಯಲ್ಲೇ ಮಾಡೋಣ ಅಂದ್ರೆ, ನಾಲ್ಕೈದು ಮೀಟರ್ ವ್ಯಾಸದ, ಅರವತ್ತು ಮೀಟರ್ ಉದ್ದದ ಕೊಳವೆ ತಿರುಗ್ತಾ ಇರಬೇಕು. ಬರೀ ಇಟ್ಟಿಗೆ ಒಂದು ಸುತ್ತೂ ತಡೆಯಲ್ಲ. ಅದಕ್ಕೆ ಹೊರಗೆ ಸ್ಟೀಲ್, ಒಳಗೆ ಸುಮಾರು 20 ಸೆಂಟಿಮೀಟರ್ ದಪ್ಪದ ಇಟ್ಟಿಗೆ.

ಜಗಳ ಗಡಿಯಲ್ಲಿ

ಸಮಸ್ಯೆ ಇರೋದು ಸ್ಟೀಲ್‌ನಲ್ಲೂ ಅಲ್ಲ, ಇಟ್ಟಿಗೆಯಲ್ಲೂ ಅಲ್ಲ, ಇಬ್ಬರೂ ಸೇರೋ ಜಾಗದಲ್ಲಿ. ಒಂದು ಚಿಕ್ಕ ಲೆಕ್ಕ ಮಾಡೋಣ, ಕ್ಯಾಲ್ಕ್ಯುಲೇಟರ್ ಬೇಡ.

ಸ್ಟೀಲ್ ಒಂದು ಡಿಗ್ರಿಗೆ ಒಂದು ಮೀಟರ್‌ನಲ್ಲಿ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. ಅಲ್ಯೂಮಿನಾ ಸುಮಾರು 8 ಮೈಕ್ರಾನ್. ಒಂದೊಂದು ಮೀಟರ್ ಉದ್ದದ ಎರಡು ಪಟ್ಟಿಗಳನ್ನು 500 ಡಿಗ್ರಿ ಬಿಸಿ ಮಾಡಿದರೆ ಸ್ಟೀಲ್ 6 ಮಿಲಿಮೀಟರ್ ಬೆಳೆಯುತ್ತೆ, ಅಲ್ಯೂಮಿನಾ 4. ಬಿಡಿಯಾಗಿ ಇಟ್ಟಿದ್ದರೆ ಏನೂ ತೊಂದರೆ ಇಲ್ಲ, ಒಂದು 2 ಮಿಲಿಮೀಟರ್ ಮುಂದೆ ಹೋಗುತ್ತೆ ಅಷ್ಟೇ.

ಈಗ ಎರಡನ್ನೂ ಬೆಸೆದುಬಿಡಿ. ದಪ್ಪ ಸ್ಟೀಲ್ ಮೇಲೆ ತೆಳ್ಳಗಿನ ಅಲ್ಯೂಮಿನಾ. ಸ್ಟೀಲ್ ಅದನ್ನು ಎಳೆದುಕೊಂಡೇ ಹೋಗುತ್ತೆ. ಮೀಟರ್‌ಗೆ 2 ಮಿಲಿಮೀಟರ್ ಅಂದ್ರೆ 0.002 ಸ್ಟ್ರೇನ್. ಅಲ್ಯೂಮಿನಾದ ಯಂಗ್ಸ್ ಮಾಡ್ಯುಲಸ್ ಸುಮಾರು 370 ಗಿಗಾಪಾಸ್ಕಲ್. ಗುಣಿಸಿದರೆ 740 ಮೆಗಾಪಾಸ್ಕಲ್ ಸ್ಟ್ರೆಸ್. ಅಲ್ಯೂಮಿನಾ ಎಳೆತದಲ್ಲಿ ತಡೆಯೋದು 250-300 ಮೆಗಾಪಾಸ್ಕಲ್ ಆಸುಪಾಸು ಮಾತ್ರ. ಒರಟು ಲೆಕ್ಕ ಇದು, ಆದರೆ ಉತ್ತರ ಸ್ಪಷ್ಟ: ಒಡೆದೇ ಒಡೆಯುತ್ತೆ. ಹೊರಗಿನಿಂದ ಯಾರೂ ಮುಟ್ಟದೇ ಇದ್ದರೂ.

ಮನೆಯಲ್ಲಿ ಹಳೇ ಕಾಲದ ಎನಾಮಲ್ ತಟ್ಟೆ ಇದ್ದರೆ ನೋಡಿ. ಅಂಚಲ್ಲಿ ಬಿಳಿ ಪದರ ಕಿತ್ತು ಕಪ್ಪು ಕಬ್ಬಿಣ ಕಾಣ್ತಾ ಇರುತ್ತೆ. ಅಲ್ಲೂ ಲೋಹದ ಮೇಲೆ ಗಾಜಿನ ಜಾತಿಯ ಪದರ. ಕಿತ್ತು ಬರೋದು ಯಾವಾಗಲೂ ಗಡಿ ಹತ್ತಿರಾನೇ.

ಗಡಿಯನ್ನೇ ಅಳಿಸಿದರೆ?

1984ರ ಸುಮಾರಿಗೆ ಜಪಾನಿನ ಸೆಂಡೈ ಭಾಗದ ವಿಜ್ಞಾನಿಗಳಿಗೆ ಇದೇ ತಲೆನೋವು ಬಂತು. ಅವರು ಯೋಚಿಸ್ತಾ ಇದ್ದದ್ದು ಬಾಹ್ಯಾಕಾಶ ವಿಮಾನದ ಬಗ್ಗೆ. ಅದರ ಗೋಡೆಯ ಒಂದು ಕಡೆ 2,000 ಕೆಲ್ವಿನ್, ಇನ್ನೊಂದು ಕಡೆ 1,000 ಕೆಲ್ವಿನ್, ಮಧ್ಯ ದಪ್ಪ ಬರೀ 10 ಮಿಲಿಮೀಟರ್. ಸೆರಾಮಿಕ್ ಅಂಟಿಸಿದರೆ ಕಿತ್ತು ಬರುತ್ತೆ. ಅವರು ಪ್ರಶ್ನೆಯನ್ನೇ ತಿರುಗಿಸಿದರು. ಜಗಳ ಗಡಿಯಲ್ಲಿ ಆದರೆ, ಗಡಿಯೇ ಯಾಕೆ ಇರಬೇಕು?

ಒಂದು ಮೈ ಪೂರ್ತಿ ಲೋಹ. ಸ್ವಲ್ಪ ಮೇಲೆ ಬಂದರೆ 90 ಭಾಗ ಲೋಹ, 10 ಭಾಗ ಸೆರಾಮಿಕ್. ಇನ್ನೂ ಮೇಲೆ 80-20. ಮಧ್ಯದಲ್ಲಿ ಅರ್ಧ ಅರ್ಧ. ಕೊನೆಗೆ ಇನ್ನೊಂದು ಮೈ ಪೂರ್ತಿ ಸೆರಾಮಿಕ್. ಎಲ್ಲಿ ಲೋಹ ಮುಗಿಯಿತು, ಎಲ್ಲಿ ಸೆರಾಮಿಕ್ ಶುರುವಾಯಿತು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಇದನ್ನೇ ಫಂಕ್ಷನಲಿ ಗ್ರೇಡೆಡ್ ಮೆಟೀರಿಯಲ್ ಅಂತಾರೆ, ಚಿಕ್ಕದಾಗಿ ಎಫ್‌ಜಿಎಂ. ಕನ್ನಡದಲ್ಲಿ ನಾನು 'ಶ್ರೇಣೀಕೃತ ವಸ್ತು' ಅಂತ ಕರೀತೀನಿ. 1987ರಲ್ಲಿ ಜಪಾನ್ ಇದಕ್ಕೆಂದೇ ಒಂದು ರಾಷ್ಟ್ರೀಯ ಯೋಜನೆ ಶುರು ಮಾಡಿತು.

ಸಂಕ್ರಾಂತಿಗೆ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡ್ತಾರೆ. ಕಟಿ ರೊಟ್ಟಿ ಮಾಡಿ ಅಮ್ಮ ಹಾಸ್ಟೆಲ್‌ಗೆ ಕಟ್ಟಿಕೊಡ್ತಾರೆ. ಬಸ್ಸಿನಲ್ಲಿ ಇಲ್ಲಿಗೆ ಬರೋದರೊಳಗೆ ಅರ್ಧ ಎಳ್ಳು ಡಬ್ಬಿಯ ತಳದಲ್ಲಿ ಇರುತ್ತೆ. ಅದು ಕೋಟಿಂಗ್. ಎಳ್ಳನ್ನು ಹಿಟ್ಟಿನಲ್ಲೇ ಕಲಸಿಬಿಟ್ಟರೆ ಉದುರಲ್ಲ, ಆದರೆ ಎಲ್ಲ ಕಡೆ ಒಂದೇ ರುಚಿ. ಅದು ಮಾಮೂಲಿ ಕಾಂಪೋಸಿಟ್. ಮೇಲ್ಮೈಯಲ್ಲಿ ದಟ್ಟ, ಒಳಗೆ ಹೋದಂತೆ ಕಡಿಮೆ, ತಳದಲ್ಲಿ ಬರೀ ಹಿಟ್ಟು. ಹಾಗೆ ಮಾಡೋಕೆ ಸಾಧ್ಯ ಆದರೆ ಅದು ಶ್ರೇಣೀಕೃತ ರೊಟ್ಟಿ.

ಪ್ರಕೃತಿ ಇದನ್ನು ಎಂದೋ ಮಾಡಿದೆ. ಬಿದಿರನ್ನು ಅಡ್ಡ ಕತ್ತರಿಸಿ ನೋಡಿ, ಹೊರಗಿನ ಕಡೆ ನಾರು ದಟ್ಟ, ಒಳಗೆ ಹೋದಂತೆ ವಿರಳ. ಬಾಗಿದಾಗ ಹೆಚ್ಚು ಒತ್ತಡ ಬೀಳೋದು ಹೊರಗೇ ಅಲ್ವಾ? ಎಲ್ಲಿ ಬೇಕೋ ಅಲ್ಲೇ ಶಕ್ತಿ.

ಗಣಿತ ಬೇಕಾದವರಿಗೆ: ದಪ್ಪ ಎಚ್, ಲೋಹದ ಕಡೆಯಿಂದ ದೂರ ಝಡ್ ಅಂದುಕೊಳ್ಳಿ. ಸೆರಾಮಿಕ್‌ನ ಪಾಲು ಅಂದ್ರೆ ಝಡ್ ಭಾಗಿಸು ಎಚ್, ಅದರ ಎನ್ ಘಾತ. ಎನ್ 1 ಆದರೆ ಸಮನಾಗಿ ಏರುತ್ತೆ. ಎನ್ ಜಾಸ್ತಿ ಮಾಡಿದರೆ ಹೆಚ್ಚು ಭಾಗ ಲೋಹವೇ ಇದ್ದು ಕೊನೆಯಲ್ಲಿ ಮಾತ್ರ ಸೆರಾಮಿಕ್ ಏರುತ್ತೆ. ಎನ್ ಎಷ್ಟಿರಬೇಕು ಅನ್ನೋದೇ ಡಿಸೈನ್.

ಒಂದು ಮಾತು ಗಮನಿಸಿ. ಇದರಿಂದ ಸ್ಟ್ರೆಸ್ ಮಾಯ ಆಗಲ್ಲ, ಹಂಚಿಕೆ ಆಗುತ್ತೆ. 12ರಿಂದ 8ಕ್ಕೆ ಒಂದೇ ಸಲ ಹಾರೋ ಬದಲು ಹತ್ತು ಮೆಟ್ಟಿಲು ಇಳಿದರೆ, ಪಕ್ಕಪಕ್ಕದ ಪದರಗಳ ಮಧ್ಯೆ ವ್ಯತ್ಯಾಸ ಬರೀ 0.4. ಇನ್ನೊಂದು ಲಾಭ ನನಗೆ ತುಂಬಾ ಇಷ್ಟ ಆಯ್ತು. ಕೆಲಸ ಮಾಡುವಾಗ ಸೆರಾಮಿಕ್ ಕಡೆ ಬಿಸಿ ಜಾಸ್ತಿ, ಲೋಹದ ಕಡೆ ಕಡಿಮೆ. ಸೆರಾಮಿಕ್ 1,000 ಡಿಗ್ರಿ ಏರಿದರೆ ಮೀಟರ್‌ಗೆ 8 ಮಿಲಿಮೀಟರ್ ಹಿಗ್ಗುತ್ತೆ. ಸ್ಟೀಲ್ 600 ಡಿಗ್ರಿ ಏರಿದರೆ 7.2. ಹೆಚ್ಚು ಬಿಸಿಯಾಗೋನು ಕಡಿಮೆ ಹಿಗ್ಗುತ್ತಾನೆ, ಕಡಿಮೆ ಬಿಸಿಯಾಗೋನು ಹೆಚ್ಚು ಹಿಗ್ಗುತ್ತಾನೆ. ಕೊನೆಗೆ ಇಬ್ಬರೂ ಹತ್ತಿರ ಹತ್ತಿರ ಬಂದು ನಿಲ್ತಾರೆ!

ಮಾಡೋದು ಹೇಗೆ?

ಐಡಿಯಾ ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಮುಖ್ಯವಾಗಿ ಮೂರು ದಾರಿ ಹೇಳ್ತೀನಿ.

ಮೊದಲನೆಯದು ಪುಡಿ ದಾರಿ. ನಿಕಲ್ ಪುಡಿ, ಅಲ್ಯೂಮಿನಾ ಪುಡಿ ಬೇರೆ ಬೇರೆ ಪ್ರಮಾಣದಲ್ಲಿ ಕಲಸಿ, ಅಚ್ಚಿನಲ್ಲಿ ಪದರ ಪದರವಾಗಿ ಹಾಕಿ, ಒತ್ತಿ, ಬಿಸಿ ಮಾಡಿ ಗಟ್ಟಿ ಮಾಡೋದು. ಇದಕ್ಕೆ ಸಿಂಟರಿಂಗ್ ಅಂತಾರೆ. ಕಷ್ಟ ಎಲ್ಲಿ? ನಿಕಲ್ 1,455 ಡಿಗ್ರಿಗೆ ಕರಗಿಹೋಗುತ್ತೆ. ಅಲ್ಯೂಮಿನಾ ಚೆನ್ನಾಗಿ ಗಟ್ಟಿಯಾಗೋಕೆ ಸಾಮಾನ್ಯವಾಗಿ 1,500ಕ್ಕಿಂತ ಹೆಚ್ಚು ಬೇಕು. ಒಂದಕ್ಕೆ ಸರಿಯಾದ ಉರಿ ಇನ್ನೊಂದಕ್ಕೆ ಸರಿ ಇಲ್ಲ. ಸಾಲದ್ದಕ್ಕೆ ಪ್ರತಿ ಪದರ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತೆ, ಆದ್ದರಿಂದ ಬಿಲ್ಲೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ ಅಥವಾ ಬಿರುಕು ಬಿಡುತ್ತೆ. ಇದಕ್ಕೆ ಪರಿಹಾರವಾಗಿ ಬಿಸಿ ಮಾಡುವಾಗಲೇ ಒತ್ತಡ ಹಾಕ್ತಾರೆ. ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್‌ನಲ್ಲಿ ಗ್ರಾಫೈಟ್ ಅಚ್ಚಿನ ಮೂಲಕ ದೊಡ್ಡ ಕರೆಂಟ್ ಹರಿಸಿ ಕೆಲವೇ ನಿಮಿಷಗಳಲ್ಲಿ, ಕಡಿಮೆ ತಾಪಮಾನದಲ್ಲೇ ಕೆಲಸ ಮುಗಿಸ್ತಾರೆ. ಆದರೆ ಬರೋದು ಚಿಕ್ಕ ಬಿಲ್ಲೆ.

ಎರಡನೆಯದು ಎರಕದ ದಾರಿ. ಇದು ನಮಗೆ ಹತ್ತಿರದ್ದು. ಮೆಕ್ಯಾನಿಕಲ್ ಸೀನಿಯರ್‌ಗಳ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿ ನೋಡಿ, 'ಸ್ಟಿರ್ ಕಾಸ್ಟಿಂಗ್' ಇಲ್ಲದ ವರ್ಷ ಇರಲ್ಲ. ಕರಗಿದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಾರ್ಬೈಡ್ ಪುಡಿ ಹಾಕಿ ಕಲಕೋದು. ಈ ಕಲಕುವ ವಿದ್ಯೆ ಬೆಳೆದ ಮುಖ್ಯ ಜಾಗಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಅಂತ ನಿಮಗೆ ಗೊತ್ತಾ? 1970ರ ದಶಕದಲ್ಲಿ ಪ್ರದೀಪ್ ರೋಹಟ್ಗಿ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಯೂಮಿನಿಯಂನಲ್ಲಿ ಸೆರಾಮಿಕ್ ಕಣ ಸೇರಿಸಿ ಎರಕ ಹೊಯ್ಯೋ ವಿಧಾನದ ಬಗ್ಗೆ ಎಂ. ಕೆ. ಸೂರಪ್ಪ ಮತ್ತು ರೋಹಟ್ಗಿ 1981ರಲ್ಲಿ ಬರೆದ ಲೇಖನವನ್ನು ಈ ಕ್ಷೇತ್ರದವರು ಇವತ್ತಿಗೂ ಉಲ್ಲೇಖಿಸ್ತಾರೆ. ಸೂರಪ್ಪ ಅವರು ಮುಂದೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು, ರೋಪಡ್ ಐಐಟಿಯ ನಿರ್ದೇಶಕರೂ ಆದರು.

ಕಲಕೋದು ಅಂದ್ರೆ ಚಹಾಕ್ಕೆ ಸಕ್ಕರೆ ಹಾಕಿದಷ್ಟು ಸುಲಭ ಅಲ್ಲ. ಕೆಸುವಿನ ಎಲೆ ಮೇಲೆ ನೀರು ನಿಲ್ಲಲ್ಲ ನೋಡಿ, ಹಾಗೆ ಕರಗಿದ ಅಲ್ಯೂಮಿನಿಯಂ ಸೆರಾಮಿಕ್ ಕಣಕ್ಕೆ ಅಂಟಲ್ಲ. ಅದಕ್ಕೆ ಪುಡಿಯನ್ನು ಮೊದಲೇ ಬಿಸಿ ಮಾಡ್ತಾರೆ, ಸ್ವಲ್ಪ ಮೆಗ್ನೀಸಿಯಂ ಸೇರಿಸ್ತಾರೆ. ಉರಿ ಜಾಸ್ತಿ ಆದರೆ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿ ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತೆ. ಅದು ಪೆಡಸು, ತೇವಕ್ಕೆ ಹಾಳಾಗುತ್ತೆ. ಸಿಲಿಕಾನ್ ಜಾಸ್ತಿ ಇರೋ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರೆ ಈ ಕಾಟ ಕಡಿಮೆ.

ಇಲ್ಲಿವರೆಗೆ ಬಂದದ್ದು ಎಲ್ಲ ಕಡೆ ಒಂದೇ ಸಮನಾದ ಕಾಂಪೋಸಿಟ್. ಶ್ರೇಣಿ ಬರಬೇಕಾದರೆ ಇದನ್ನು ತಿರುಗೋ ಅಚ್ಚಿಗೆ ಹೊಯ್ಯಬೇಕು. ಕರಗಿದ ಅಲ್ಯೂಮಿನಿಯಂನ ಸಾಂದ್ರತೆ ಸುಮಾರು 2.4, ಸಿಲಿಕಾನ್ ಕಾರ್ಬೈಡ್‌ದು 3.2. ಮೊಸರು ಕಡೆದಾಗ ಹಗುರ ಬೆಣ್ಣೆ ಬೇರೆಯಾಗೋ ಹಾಗೆ, ಇಲ್ಲಿ ಭಾರದ ಕಣಗಳು ಹೊರಗೆ ಓಡುತ್ತವೆ. 10 ಸೆಂಟಿಮೀಟರ್ ತ್ರಿಜ್ಯದ ಅಚ್ಚು ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಕಣದ ಮೇಲೆ ಗುರುತ್ವಕ್ಕಿಂತ ಸುಮಾರು 110 ಪಟ್ಟು ಎಳೆತ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಸ್ಟೋಕ್ಸ್ ಸೂತ್ರ ಹಾಕಿ ನೋಡಿದೆ: ಕಣಗಳು ಒಂದಕ್ಕೊಂದು ಅಡ್ಡ ಬರಲ್ಲ ಅಂದುಕೊಂಡರೆ, 20 ಮೈಕ್ರಾನ್ ಕಣ ಸೆಕೆಂಡಿಗೆ ಸುಮಾರು 16 ಮಿಲಿಮೀಟರ್ ಓಡುತ್ತೆ. 10 ಮೈಕ್ರಾನ್ ಕಣ ಅದರ ಕಾಲು ಭಾಗ. ಅಂದ್ರೆ ಇದು ಓಟದ ಪಂದ್ಯ. ಒಂದು ಕಡೆ ಕಣ ಓಡ್ತಾ ಇದೆ, ಇನ್ನೊಂದು ಕಡೆ ಲೋಹ ಹೆಪ್ಪುಗಟ್ತಾ ಇದೆ. ಬೇಗ ಹೆಪ್ಪುಗಟ್ಟಿದರೆ ಶ್ರೇಣಿ ಬರಲ್ಲ, ತಡ ಆದರೆ ಎಲ್ಲ ಕಣ ಹೊರ ಅಂಚಿಗೆ ಹೋಗಿ ಮತ್ತೆ ಗಡಿ ಹುಟ್ಟುತ್ತೆ! ವೇಗ, ಕಣದ ಗಾತ್ರ, ಅಚ್ಚಿನ ಬಿಸಿ, ಈ ಮೂರರಿಂದ ಅದನ್ನು ಹಿಡಿತದಲ್ಲಿ ಇಡಬೇಕು. ತಿರುವನಂತಪುರದ ಸಿಎಸ್‌ಐಆರ್ ಸಂಸ್ಥೆ ಎನ್‌ಐಐಎಸ್‌ಟಿಯಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ಆಗಿದೆ. ಹೊರಮೈ ಸವೆಯಬಾರದು, ಒಳಗೆ ಗಟ್ಟಿ ಲೋಹ ಇರಬೇಕು ಅನ್ನೋ ಕೊಳವೆ, ಉಂಗುರದಂಥ ಭಾಗಗಳಿಗೆ ಇದು ಹೇಳಿ ಮಾಡಿಸಿದ ದಾರಿ.

ಮೂರನೆಯದು ಸಿಂಪಡಿಸೋ ದಾರಿ. ಪ್ಲಾಸ್ಮಾ ಗನ್ ಒಳಗೆ 10,000 ಡಿಗ್ರಿಗೂ ಹೆಚ್ಚು ಬಿಸಿ ಇರುತ್ತೆ. ಜಿರ್ಕೋನಿಯಾ ಕರಗೋದೇ ಸುಮಾರು 2,700 ಡಿಗ್ರಿಗೆ, ಹಾಗಾಗಿ ಮಾಮೂಲಿ ಜ್ವಾಲೆ ಸಾಲಲ್ಲ. ಎರಡು ಪುಡಿ ಡಬ್ಬಿ, ಒಂದರಲ್ಲಿ ಲೋಹ, ಒಂದರಲ್ಲಿ ಸೆರಾಮಿಕ್. ಸಿಂಪಡಿಸ್ತಾ ಸಿಂಪಡಿಸ್ತಾ ಒಂದನ್ನು ಕಡಿಮೆ ಮಾಡಿ ಇನ್ನೊಂದನ್ನು ಜಾಸ್ತಿ ಮಾಡ್ತಾ ಹೋಗೋದು. ಈಗ ಲೇಸರ್ 3ಡಿ ಪ್ರಿಂಟಿಂಗ್‌ನಲ್ಲೂ ಇದೇ ಉಪಾಯ: ಲೇಸರ್ ಕರಗಿಸ್ತಾ ಹೋಗುತ್ತೆ, ಎರಡು ನಳಿಕೆಯಿಂದ ಪುಡಿ ಬೀಳ್ತಾ ಹೋಗುತ್ತೆ, ಪ್ರಮಾಣ ಕಂಪ್ಯೂಟರ್ ನೋಡಿಕೊಳ್ಳುತ್ತೆ.

ಎಲ್ಲಾ ಕಡೆ ಯಾಕೆ ಇಲ್ಲ?

ಇಷ್ಟು ಒಳ್ಳೆಯದಾದರೆ ಜೆಟ್ ಎಂಜಿನ್ ಬ್ಲೇಡ್ ಎಲ್ಲ ಇದರಲ್ಲೇ ಇರಬೇಕಿತ್ತು ಅಲ್ವಾ? ಇಲ್ಲ. ಅಲ್ಲಿ ಇವತ್ತಿಗೂ ಹೆಚ್ಚಾಗಿ ಬಳಸೋದು ಪದರಗಳನ್ನೇ: ಕೆಳಗೆ ಮಿಶ್ರಲೋಹ, ಮಧ್ಯೆ ಅಂಟಿಸೋ ಲೋಹದ ಪದರ, ಮೇಲೆ ಯಿಟ್ರಿಯಾ ಸೇರಿಸಿದ ಜಿರ್ಕೋನಿಯಾ. ಯಾಕಂದ್ರೆ ಬಿಸಿ ಜಾಗದಲ್ಲಿ ಜಿರ್ಕೋನಿಯಾ ಮೂಲಕ ಆಮ್ಲಜನಕ ಒಳಗೆ ಬರುತ್ತೆ. ಶ್ರೇಣೀಕೃತ ಪದರದ ಮಧ್ಯದಲ್ಲಿ ಚದುರಿರೋ ಸಣ್ಣ ಸಣ್ಣ ಲೋಹದ ಕಣಗಳಿಗೆ ಅದು ತಾಗಿ, ಅವು ತುಕ್ಕು ಹಿಡಿದ ಹಾಗೆ ಉಬ್ಬಿ, ಒಳಗಿನಿಂದಲೇ ಪದರವನ್ನು ಒಡೆಯುತ್ತವೆ. ಒಂದು ಕಡೆ ಸಮಸ್ಯೆ ಬಿಡಿಸಿದರೆ ಇನ್ನೊಂದು ಕಡೆ ಗಂಟು ಬಿತ್ತು. ಇದು ಓದಿದಾಗ ನನಗೆ ಸ್ವಲ್ಪ ಬೇಜಾರಾಯ್ತು, ಆದರೆ ನಿಜವಾದ ಇಂಜಿನಿಯರಿಂಗ್ ಅಂದ್ರೆ ಇದೇ ಅನ್ನಿಸಿತು ಕೂಡ.

ಇನ್ನು ಅರವತ್ತು ಮೀಟರ್ ಕಿಲ್ನ್‌ಗೆ ಇದನ್ನು ಮಾಡೋ ಮಾತಂತೂ ಬಿಡಿ. ಅಷ್ಟು ದೊಡ್ಡ ಅಚ್ಚು ಇಲ್ಲ, ಅಷ್ಟು ದುಡ್ಡೂ ಇಲ್ಲ.

ಮಾವನಿಗೆ ಉತ್ತರ

ಇದೆಲ್ಲ ಓದಿದ ಮೇಲೆ ಮಾವನಿಗೆ ಫೋನ್ ಮಾಡಿದೆ. ಹಿಗ್ಗೋದು, ಎಳೆಯೋದು, ಎಳ್ಳು ಹಚ್ಚಿದ ರೊಟ್ಟಿ, ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಅದಕ್ಕೇ ನಾವು ಡಾಂಬರು ಹಚ್ಚೋದು" ಅಂದರು.

ಏನು ಡಾಂಬರು? ಆಗ ಗೊತ್ತಾಯ್ತು. ಕಿಲ್ನ್ ಮುಂದಿನ ಕೂಲರ್, ಸೈಕ್ಲೋನ್ ತರಹದ ಜಾಗದಲ್ಲಿ ಇಟ್ಟಿಗೆ ಬದಲು ಕಾಂಕ್ರೀಟ್ ಹಾಗೆ ಸುರಿಯೋ ಸೆರಾಮಿಕ್ ಇರುತ್ತೆ. ಅದು ಹಿಡಿದುಕೊಳ್ಳಲಿ ಅಂತ ಗೋಡೆಗೆ ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆಗಳನ್ನು ವೆಲ್ಡ್ ಮಾಡಿರ್ತಾರೆ. ಸ್ಟೇನ್‌ಲೆಸ್ ಇನ್ನೂ ಹೆಚ್ಚು ಹಿಗ್ಗುತ್ತೆ, ಡಿಗ್ರಿಗೆ ಮೀಟರ್‌ನಲ್ಲಿ ಸುಮಾರು 17 ಮೈಕ್ರಾನ್. ಸುರಿಯೋ ಮುಂಚೆ ಆ ಕೊಕ್ಕೆಗಳಿಗೆ ಡಾಂಬರು ಹಚ್ತಾರೆ, ಅಥವಾ ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕ್ತಾರೆ. ಬೆಂಕಿ ಹಚ್ಚಿದಾಗ ಡಾಂಬರು ಉರಿದು ಹೋಗಿ ಕೂದಲೆಳೆಯಷ್ಟು ಜಾಗ ಉಳಿಯುತ್ತೆ. ಕೊಕ್ಕೆ ಆ ಜಾಗದಲ್ಲಿ ಹಿಗ್ಗುತ್ತೆ, ಸೆರಾಮಿಕ್ ಒಡೆಯಲ್ಲ. ಕಿಲ್ನ್ ಇಟ್ಟಿಗೆಯನ್ನೂ ಸ್ಟೀಲ್‌ಗೆ ಬೆಸೆದಿರಲ್ಲ. ಕಮಾನಿನ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ ಅಷ್ಟೇ. ಬೆಸೆಯದೇ ಇರೋದೇ ಅದರ ಜಾಣತನ.

ಅಂದ್ರೆ ನಾನು ಇಡೀ ಪುಟ ಲೆಕ್ಕ ಮಾಡಿ ಹೇಳಿದ್ದನ್ನು ಮಾವ ಇಷ್ಟು ವರ್ಷದಿಂದ ಬ್ರಷ್ ಹಿಡಿದು ಮಾಡ್ತಾ ಇದ್ದರು. ಅವರು ಆವತ್ತು ನನ್ನ ಕೇಳಿದ್ದು ಗೊತ್ತಿಲ್ಲದೆ ಅಲ್ಲ, ಇದಕ್ಕಿಂತ ಒಳ್ಳೆ ದಾರಿ ಏನಾದರೂ ಬಂದಿದೆಯಾ ಅಂತ.

"ಅಂದ್ರ ನಾವು ನಡುವ ಜಾಗ ಬಿಡ್ತೀವಿ, ಅವರು ನಡುವ ಗಡಿನೇ ಇಡಂಗಿಲ್ಲ. ಹಂಗೇನು?" ಅಂದರು. ಹೌದು ಅಂದೆ. ಇದಕ್ಕಿಂತ ಚೆನ್ನಾಗಿ ಒಂದೇ ಸಾಲಲ್ಲಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಆಮೇಲೆ ಇನ್ನೊಂದು ಕೇಳಿದರು: "ಹಂಗಾರ ಅದು ಒಂದ್ ಕಡೆ ಸವೆದ್ರ, ಅಷ್ಟೇ ಕಿತ್ತಿ ಹೊಸಾದು ಕೂಡಸ್ಲಿಕ್ಕ ಬರ್ತದೇನು?"

ಬರಲ್ಲ ಮಾವ. ಗಡಿ ಇಲ್ಲದ ಮೇಲೆ ಎಲ್ಲಿಂದ ಕೀಳೋದು? ಇಡೀ ಭಾಗವನ್ನೇ ಬದಲಾಯಿಸಬೇಕು, ಇಲ್ಲಾಂದ್ರೆ ಲೇಸರ್‌ನಲ್ಲಿ ಮತ್ತೆ ಪದರ ಪದರವಾಗಿ ಕಟ್ಟಬೇಕು. ಅವರು ನಕ್ಕು, "ಮತ್ತ ನನ್ನ ಕೆಲಸಕ್ಕೇನೂ ಧಕ್ಕಿ ಇಲ್ಲ ಬಿಡು" ಅಂದು ಫೋನ್ ಇಟ್ಟರು. ಮರುದಿನ ಅವರಿಗೆ ಮತ್ತೆ ಕಿಲ್ನ್ ಡ್ಯೂಟಿ ಇತ್ತು.